ಆರೋಗ್ಯಕರ ಊಟದ ಜಾಹೀರಾತುಗಳು ಫಲ ಕೊಡುತ್ತವೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹಣ್ಣು ತಿನ್ನಿ, ಉಪ್ಪು ಇಳಿಸಿ, ಸಕ್ಕರೆ ಕಡಿಮೆ ಮಾಡಿ ಎನ್ನುವ ಪ್ರಚಾರಗಳನ್ನು ಎಲ್ಲರೂ ನೋಡಿರುತ್ತೇವೆ. ಅವುಗಳಿಂದ ನಿಜವಾಗಿ ಏನು ಬದಲಾಗುತ್ತದೆ ಎಂದು ಕೇಳುವವರು ಬಹಳ. ಜಾಸ್ತಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟು, ತಿಳಿದಷ್ಟು ಉತ್ತರ ಬರೆದಿದ್ದೇನೆ.

ಸುತ್ತು ಬಳಸದೆ ಹೇಳಿ, ಜಾಹೀರಾತು ನೋಡಿ ಜನ ತಿನ್ನುವುದನ್ನು ಬದಲಿಸುತ್ತಾರಾ?

ಬದಲಿಸುತ್ತಾರೆ. ಆದರೆ ನಾವು ಆಸೆಪಡುವಷ್ಟು ಅಲ್ಲ.

ಆರೋಗ್ಯ ಪ್ರಚಾರಗಳ ಮೇಲೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಸರಾಸರಿ ಒಂದು ಪ್ರಚಾರದಿಂದ 100 ಜನರಲ್ಲಿ ಸುಮಾರು 5 ಜನ ತಮ್ಮ ನಡವಳಿಕೆ ಬದಲಿಸಿಕೊಳ್ಳುತ್ತಾರೆ ಎಂದು ಅದು ಹೇಳಿತು. ಹಣ್ಣು, ತರಕಾರಿ, ಕೊಬ್ಬು, ಎದೆಹಾಲು ಕುರಿತ ಪ್ರಚಾರಗಳು ಬೇರೆ ವಿಷಯಗಳಿಗಿಂತ ಸ್ವಲ್ಪ ಮೇಲೆಯೇ ಇದ್ದವು.

ಇದು ಸರಾಸರಿ ಅನ್ನುವುದನ್ನು ಮರೆಯಬೇಡಿ. ಏನೂ ಮಾಡದ ಪ್ರಚಾರಗಳೂ ಇದರಲ್ಲಿ ಸೇರಿವೆ, ಊರಿನ ಅಭ್ಯಾಸವನ್ನೇ ತಿರುಗಿಸಿದ ಪ್ರಚಾರಗಳೂ ಸೇರಿವೆ. ನನಗೆ ಮುಖ್ಯ ಅನ್ನಿಸುವುದು ಈ ಎರಡರ ನಡುವಿನ ವ್ಯತ್ಯಾಸ.

ನೂರಕ್ಕೆ ಐದು ಅಂದರೆ ಏನೂ ಇಲ್ಲ ಅಲ್ವಾ?

ಒಬ್ಬ ವೈದ್ಯರಿಗೆ ಅದು ಕಡಿಮೆ ಅನ್ನಿಸಬಹುದು. ಆದರೆ ಜಾಹೀರಾತು ಒಂದೇ ಸಲಕ್ಕೆ ಲಕ್ಷಾಂತರ ಜನರನ್ನು ಮುಟ್ಟುತ್ತದೆ. ಹತ್ತು ಲಕ್ಷ ಜನರಲ್ಲಿ ನೂರಕ್ಕೆ ಐದು ಎಂದರೆ ಐವತ್ತು ಸಾವಿರ ಜನ. ಅಷ್ಟು ಜನರನ್ನು ಕೂರಿಸಿಕೊಂಡು ಒಬ್ಬೊಬ್ಬರಿಗೇ ಬುದ್ಧಿ ಹೇಳಲು ಯಾರಿಂದ ಆಗುತ್ತದೆ?

ಚೆನ್ನಾಗಿ ಫಲ ಕೊಟ್ಟ ಒಂದು ಉದಾಹರಣೆ ಕೊಡಿ.

ನಾನು ಯಾವಾಗಲೂ ಹೇಳುವುದು ಹಾಲಿನ ಕಥೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ 1990ರ ದಶಕದಲ್ಲಿ ನಡೆದದ್ದು. ಅಲ್ಲಿ ಜನ ಹೆಚ್ಚಾಗಿ ಕೊಬ್ಬಿನ ಹಾಲನ್ನೇ ಕುಡಿಯುತ್ತಿದ್ದರು. ಹೃದಯಕ್ಕೆ ತೊಂದರೆ ಕೊಡುವ ಸ್ಯಾಚುರೇಟೆಡ್ ಕೊಬ್ಬನ್ನು ಇಳಿಸಬೇಕಿತ್ತು. "ಕೊಬ್ಬು ಕಡಿಮೆ ತಿನ್ನಿ" ಎಂದು ಪೋಸ್ಟರ್ ಅಂಟಿಸಿ ಸುಮ್ಮನಾಗಬಹುದಿತ್ತು. ಆ ತಂಡ ಹಾಗೆ ಮಾಡಲಿಲ್ಲ. ಊಟದ ಎಲ್ಲ ಕೊಬ್ಬನ್ನೂ ಬಿಟ್ಟು ಹಾಲೊಂದನ್ನೇ ಹಿಡಿದುಕೊಂಡಿತು. ಪ್ರಚಾರದ ಹೆಸರೇ "1% ಅಥವಾ ಅದಕ್ಕಿಂತ ಕಡಿಮೆ". ಅಂಗಡಿಗೆ ಹೋದಾಗ ಶೇ 1 ಕೊಬ್ಬಿರುವ ಹಾಲನ್ನೋ ಕೊಬ್ಬು ತೆಗೆದ ಹಾಲನ್ನೋ ತೆಗೆದುಕೊಳ್ಳಿ. ಕೇಳಿದ್ದು ಇಷ್ಟೇ.

ಜಾಹೀರಾತಿನಲ್ಲಿ ಒಂದು ಹೋಲಿಕೆ ಇತ್ತು. ಒಂದು ಲೋಟ ಕೊಬ್ಬಿನ ಹಾಲಿನಲ್ಲಿ ಐದು ತುಂಡು ಹಂದಿಮಾಂಸದ ಬೇಕನ್‌ನಲ್ಲಿ ಇರುವಷ್ಟು ಸ್ಯಾಚುರೇಟೆಡ್ ಕೊಬ್ಬು ಇದೆ ಎಂದು ತೋರಿಸಿದರು. ಕೊಬ್ಬು ಎಷ್ಟು ಗ್ರಾಂ ಎಂದು ಹೇಳಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಲೋಟದ ಪಕ್ಕದಲ್ಲಿ ಐದು ತುಂಡು ಮಾಂಸ ಇಟ್ಟರೆ ಯಾರು ಮರೆಯುತ್ತಾರೆ?

ಕ್ಲಾರ್ಕ್ಸ್‌ಬರ್ಗ್ ಮತ್ತು ಬ್ರಿಡ್ಜ್‌ಪೋರ್ಟ್ ಎಂಬ ಊರುಗಳಲ್ಲಿ ಮಾರಾಟವಾಗುವ ಹಾಲಿನಲ್ಲಿ ಕಡಿಮೆ ಕೊಬ್ಬಿನ ಹಾಲಿನ ಪಾಲು ಶೇ 18 ಇದ್ದದ್ದು ಶೇ 41ಕ್ಕೆ ಏರಿತು. ಆರು ತಿಂಗಳ ಮೇಲೆ ನೋಡಿದಾಗ ಸ್ವಲ್ಪ ಇಳಿದು ಶೇ 35ರಲ್ಲಿ ನಿಂತಿತ್ತು. ಆಮೇಲೆ ವೀಲಿಂಗ್ ನಗರದಲ್ಲಿ ಮುಖ್ಯವಾಗಿ ಹಣ ಕೊಟ್ಟು ಹಾಕಿಸಿದ ಜಾಹೀರಾತು ಮತ್ತು ಸುದ್ದಿ ಪ್ರಚಾರವನ್ನೇ ನೆಚ್ಚಿ ಇದನ್ನೇ ಮಾಡಿದರು. ಅಲ್ಲಿ ಶೇ 29ರಿಂದ 46ಕ್ಕೆ ಹೋಯಿತು. ಲೆಕ್ಕ ಹಾಕಿದ್ದು ಅಂಗಡಿಗಳ ಮಾರಾಟ ನೋಡಿ. ಜನ ಬಾಯಿಮಾತಿಗೆ ಹೇಳಿದ್ದನ್ನು ಮಾತ್ರ ನಂಬಿ ಕೂರಲಿಲ್ಲ.

ಆ ಹಾಲಿನ ಪ್ರಚಾರದಲ್ಲಿ ಅಂಥ ವಿಶೇಷ ಏನಿತ್ತು?

ಕೇಳಿದ ಕೆಲಸ ಚಿಕ್ಕದು. ಮಾಡುವ ಜಾಗ ಗೊತ್ತು, ಹೊತ್ತೂ ಗೊತ್ತು: ಅಂಗಡಿಯಲ್ಲಿ ಕೈ ಚಾಚುವ ಆ ಒಂದು ಕ್ಷಣ. ಬದಲಿ ಹಾಲು ಅದೇ ಕಪಾಟಿನಲ್ಲಿ, ಅದರ ಪಕ್ಕದಲ್ಲೇ ಇದೆ. ಅಡುಗೆ ಬದಲಿಸಬೇಕಿಲ್ಲ, ಹೊಸದೇನೂ ಕಲಿಯಬೇಕಿಲ್ಲ. ಮನೆಯಲ್ಲಿ ಒಬ್ಬರು ಬದಲಿಸಿದರೆ ಎಲ್ಲರಿಗೂ ಬದಲಾಯಿತು.

ಈಗ "ಆರೋಗ್ಯಕರವಾಗಿ ತಿನ್ನಿ" ಎಂಬ ಸಾಲನ್ನು ಇದರ ಪಕ್ಕ ಇಟ್ಟು ನೋಡಿ. ಇವತ್ತು ಸಂಜೆ ನಾನು ಏನು ಮಾಡಬೇಕು? ಆ ಸಾಲು ಹೇಳುವುದಿಲ್ಲ. ಓದಿದವರು ತಲೆ ಆಡಿಸುತ್ತಾರೆ, ನಿನ್ನೆ ತಿಂದದ್ದನ್ನೇ ಇವತ್ತೂ ತಿನ್ನುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಸಂದೇಶ ಬರೆದವರು ಅರ್ಧ ಕೆಲಸ ಮಾಡಿ ಉಳಿದರ್ಧ ಓದುಗರ ತಲೆಗೆ ಕಟ್ಟಿದ್ದಾರೆ.

"ದಿನಕ್ಕೆ ಐದು" ಎಂಬ ಪ್ರಚಾರ ಜಗತ್ತಿಗೇ ಗೊತ್ತು. ಅದು ಗೆದ್ದಿತೇ?

ನೆನಪಿನ ಮಟ್ಟಿಗೆ ಗೆದ್ದಿತು, ತಟ್ಟೆಯ ಮಟ್ಟಿಗೆ ಅರ್ಧಂಬರ್ಧ. ದಿನಕ್ಕೆ ಐದು ಪಾಲು ಹಣ್ಣು ತರಕಾರಿ ತಿನ್ನಿ ಎನ್ನುವ ಈ ಪ್ರಚಾರ 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು, 1991ರಲ್ಲಿ ಅಮೆರಿಕಕ್ಕೆಲ್ಲ ಹರಡಿತು. ಬ್ರಿಟನ್ನಿನಲ್ಲಿ 2003ರಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ. ಅದನ್ನು 80 ಗ್ರಾಂನ ಐದು ಪಾಲು ಮಾಡಿದರೆ "ಐದು" ಸಿಗುತ್ತದೆ. ಆಲೂಗಡ್ಡೆ ಲೆಕ್ಕಕ್ಕಿಲ್ಲ. ಈ ಮಾತು ಜಾಸ್ತಿ ಜನರಿಗೆ ತಲುಪಿಲ್ಲ ಅನ್ನುವುದೇ ಬೇಸರ.

ಸಂಖ್ಯೆ ಎಲ್ಲರ ಬಾಯಲ್ಲಿ ಕುಳಿತಿತು. ಆದರೂ ಆ ದೇಶಗಳಲ್ಲಿ ಬಹುಪಾಲು ದೊಡ್ಡವರು ಇಂದಿಗೂ ಐದನ್ನು ಮುಟ್ಟುವುದಿಲ್ಲ. ಒಂದು ಪಾಲು ತಿನ್ನುವವರಿಗೆ ಐದು ಬಹಳ ದೂರ. ದೂರದ ಗುರಿ ತೋರಿಸಿದರೆ ಕೆಲವರು ಹೊರಡುವುದೇ ಇಲ್ಲ.

ಪಶ್ಚಿಮ ಆಸ್ಟ್ರೇಲಿಯಾದವರು ಇದನ್ನು ಸ್ವಲ್ಪ ಬಿಡಿಸಿ ಹೇಳಿದರು. 2002ರಿಂದ 2005ರವರೆಗೆ ನಡೆದ ಅವರ ಪ್ರಚಾರದ ಹೆಸರು "ಎರಡು ಮತ್ತು ಐದು". ಹಣ್ಣು ಎರಡು, ತರಕಾರಿ ಐದು. ತರಕಾರಿಯ ಮೇಲೆ ಒತ್ತು ಹೆಚ್ಚು, ಏಕೆಂದರೆ ಕೊರತೆ ಇದ್ದದ್ದು ಅಲ್ಲೇ. ಮೂರು ವರ್ಷದಲ್ಲಿ ಸರಾಸರಿ ಒಬ್ಬರು ದಿನಕ್ಕೆ ತಿನ್ನುವುದು 0.8 ಪಾಲು ಹೆಚ್ಚಿತು. ಇಡೀ ರಾಜ್ಯದ ಸರಾಸರಿ ಅಷ್ಟು ಮೇಲೇರುವುದು ಸಣ್ಣ ಮಾತಲ್ಲ. ಆದರೆ ಅದಕ್ಕೆ ಮೂರು ವರ್ಷ ಹಿಡಿಯಿತು.

ಗೊತ್ತಿದ್ದೂ ಜನ ಯಾಕೆ ಬದಲಾಗುವುದಿಲ್ಲ?

ಈ ಪ್ರಶ್ನೆ ಕೇಳುವಾಗ ಅನೇಕರ ದನಿಯಲ್ಲಿ ಬೈಗುಳ ಇರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ತಿನ್ನುವುದು ದಿನಕ್ಕೆ ಒಮ್ಮೆ ಕೂತು ಯೋಚಿಸಿ ಮಾಡುವ ತೀರ್ಮಾನ ಅಲ್ಲ. ಅದು ರೂಢಿ. ಹಸಿವಾದಾಗ ಕೈಗೆ ಏನು ಸಿಗುತ್ತದೆ, ಅದರ ಬೆಲೆ ಎಷ್ಟು, ಮಾಡಲು ಎಷ್ಟು ಹೊತ್ತು ಬೇಕು, ಮನೆಯವರು ಅದನ್ನು ತಿನ್ನುತ್ತಾರಾ, ಉಳಿದರೆ ಕೆಡುತ್ತದಾ? ತಟ್ಟೆಗೆ ಏನು ಬೀಳುತ್ತದೆ ಎಂದು ನಿರ್ಧರಿಸುವುದು ಇವೆಲ್ಲ ಸೇರಿ. ಮೂವತ್ತು ಸೆಕೆಂಡಿನ ಜಾಹೀರಾತು ಇದರಲ್ಲಿ ಒಂದನ್ನು ಮಾತ್ರ ಮುಟ್ಟುತ್ತದೆ, ತಿಳಿವಳಿಕೆಯನ್ನು.

ಇಂಗ್ಲೆಂಡಿನಲ್ಲಿ 2009ರ ಜನವರಿಯಲ್ಲಿ "ಚೇಂಜ್ ಫಾರ್ ಲೈಫ್" ಎಂಬ ದೊಡ್ಡ ಪ್ರಚಾರ ಶುರುವಾಯಿತು. ಬಣ್ಣ ಬಣ್ಣದ ಮಣ್ಣಿನ ಗೊಂಬೆಗಳ ಆ ಜಾಹೀರಾತು ಅನೇಕರಿಗೆ ಇಷ್ಟವಾಯಿತು. ಅದರ ಸಾಮಗ್ರಿಗಳನ್ನು ಕುಟುಂಬಗಳಿಗೆ ಕಳಿಸಿ, ಕಳಿಸದ ಕುಟುಂಬಗಳ ಜೊತೆ ಹೋಲಿಸಿ ಒಂದು ಅಧ್ಯಯನ ಮಾಡಿದರು. ಪ್ರಚಾರದ ಬಗ್ಗೆ ಅರಿವು ಹೆಚ್ಚಿತ್ತು. ಮನೋಭಾವದಲ್ಲಿ, ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆ ತಂಡ ಶ್ರಮಪಡಲಿಲ್ಲ ಅಂತ ಅಲ್ಲ. ಒಂದೇ ಪ್ರಚಾರದ ಹೆಗಲಿಗೆ ಊಟ, ತಿಂಡಿ, ಆಟ, ತೂಕ ಎಲ್ಲವನ್ನೂ ಹೊರಿಸಿದರೆ ಯಾವುದೂ ಆಳಕ್ಕೆ ಇಳಿಯುವುದು ಕಷ್ಟ.

ಹೆದರಿಸಿದರೆ ಬೇಗ ಬದಲಾಗುತ್ತಾರಾ?

ಹೆದರಿಕೆ ಗಮನ ಸೆಳೆಯುತ್ತದೆ, ಅದು ನಿಜ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2009ರಲ್ಲಿ ಒಂದು ಪೋಸ್ಟರ್ ಹಾಕಿತು. ಬಾಟಲಿಯಿಂದ ಸಿಹಿ ಪಾನೀಯ ಸುರಿಯುತ್ತಿದೆ, ಲೋಟಕ್ಕೆ ಬೀಳುವಾಗ ಅದು ಕೊಬ್ಬಾಗಿದೆ. ನೋಡಿದರೆ ಹೊಟ್ಟೆ ತೊಳಸುತ್ತದೆ. ಆದರೂ ಅದರಲ್ಲಿ ಒಂದು ಒಳ್ಳೆಯ ಅಂಶ ಇತ್ತು: ಅದರ ಬದಲು ನೀರು ಕುಡಿಯಿರಿ ಎನ್ನುವ ದಾರಿಯನ್ನೂ ತೋರಿಸಿತು.

ಹೆದರಿಸಿ ದಾರಿ ತೋರಿಸದಿದ್ದರೆ ಜನ ಮುಖ ತಿರುಗಿಸುತ್ತಾರೆ. ಇನ್ನೊಂದು ಅಪಾಯ ಅವಮಾನ. ಪಾನೀಯವನ್ನು ಕೆಟ್ಟದಾಗಿ ತೋರಿಸುವುದು ಬೇರೆ, ದಪ್ಪಗಿರುವ ಮನುಷ್ಯನನ್ನು ಕೆಟ್ಟದಾಗಿ ತೋರಿಸುವುದು ಬೇರೆ. ಎರಡನೆಯದನ್ನು ಯಾವ ಕಾರಣಕ್ಕೂ ಮಾಡಬಾರದು. ಮೈಯ ಬಗ್ಗೆ ನಾಚಿಕೆಪಟ್ಟವರು ಬಚ್ಚಿಟ್ಟುಕೊಂಡು ತಿನ್ನುತ್ತಾರೆ, ಆಟದ ಬಯಲಿಗೆ ಬರುವುದನ್ನು ಬಿಡುತ್ತಾರೆ, ವೈದ್ಯರ ಹತ್ತಿರ ಹೋಗಲು ಹಿಂಜರಿಯುತ್ತಾರೆ. ಯಾರ ಒಳಿತಿಗೆ ಪ್ರಚಾರ ಮಾಡಿದೆವೋ ಅವರಿಗೇ ಪೆಟ್ಟು.

ಆರೋಗ್ಯ ಅನ್ನುವ ಪದವನ್ನೇ ಬಿಟ್ಟು, ರುಚಿಯ ಬಗ್ಗೆ ಹೇಳಿದರೆ?

ಇದನ್ನು ಜಾಸ್ತಿ ಜನ ಪ್ರಯತ್ನಿಸಬೇಕು ಅನ್ನಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಕ್ಯಾಂಟೀನಿನಲ್ಲಿ ಮಾಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅದೇ ತರಕಾರಿ, ಅದೇ ಅಡುಗೆ. ಮುಂದಿಟ್ಟ ಚೀಟಿ ಮಾತ್ರ ದಿನಕ್ಕೊಂದು ಬಗೆ. ಒಂದು ದಿನ ಬರೀ ತರಕಾರಿಯ ಹೆಸರು, ಇನ್ನೊಂದು ದಿನ ಆರೋಗ್ಯದ ಮಾತು, ಮತ್ತೊಂದು ದಿನ ಬಾಯಲ್ಲಿ ನೀರೂರಿಸುವ ವರ್ಣನೆ. ಬರೀ ಹೆಸರು ಇದ್ದ ದಿನಕ್ಕಿಂತ ರುಚಿಯ ಚೀಟಿ ಇದ್ದ ದಿನ ಶೇ 25 ಹೆಚ್ಚು ಜನ ಆ ತರಕಾರಿ ಹಾಕಿಸಿಕೊಂಡರು. ಅದು ಕಡಿಮೆ, ಇದು ಇಲ್ಲ ಎಂದು ಬರೆದ "ಆರೋಗ್ಯ"ದ ಚೀಟಿಗೆ ಹೋಲಿಸಿದರೆ ಶೇ 41 ಹೆಚ್ಚು.

"ಇದು ಒಳ್ಳೆಯದು, ತಿನ್ನು" ಎಂದ ಕೂಡಲೇ ರುಚಿ ಇರಲಿಕ್ಕಿಲ್ಲ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಚಿಕ್ಕಂದಿನಿಂದ ಔಷಧಿ ಕುಡಿಸುವಾಗ ಕೇಳಿದ ಮಾತು ಅಲ್ವಾ ಅದು!

ಮಕ್ಕಳ ವಿಷಯದಲ್ಲಿ ಏನು ಗೊತ್ತಾಗಿದೆ?

ಮೊದಲು ಎದುರಿನ ಬಲ ಎಷ್ಟಿದೆ ನೋಡಿ. 7ರಿಂದ 11 ವರ್ಷದ ಮಕ್ಕಳಿಗೆ ಕಾರ್ಟೂನ್ ತೋರಿಸಿ, ಪಕ್ಕದಲ್ಲಿ ತಿಂಡಿ ಇಟ್ಟ ಒಂದು ಪ್ರಯೋಗ ಇದೆ. ಫಲಿತಾಂಶ 2009ರಲ್ಲಿ ಬಂತು. ನಡುವೆ ತಿಂಡಿಯ ಜಾಹೀರಾತು ನೋಡಿದ ಮಕ್ಕಳು ಬೇರೆ ಜಾಹೀರಾತು ನೋಡಿದವರಿಗಿಂತ ಶೇ 45 ಹೆಚ್ಚು ತಿಂದರು. ತಿಂದದ್ದು ಜಾಹೀರಾತಿನಲ್ಲಿ ತೋರಿಸಿದ ತಿಂಡಿಯೂ ಅಲ್ಲ. ತಿನ್ನಬೇಕು ಎನ್ನುವ ಆಸೆಯನ್ನೇ ಎಬ್ಬಿಸಿಬಿಟ್ಟಿತ್ತು.

ಅಂಥ ಮಕ್ಕಳ ಎದುರು ಪಾಠದ ಧಾಟಿಯಲ್ಲಿ ಮಾತಾಡಿದರೆ ಉಪಯೋಗವಿಲ್ಲ. ಬ್ರಿಟನ್ನಿನಲ್ಲಿ 2019ರಲ್ಲಿ ಬಂದ ಒಂದು ಪ್ರಚಾರ ತರಕಾರಿಗಳನ್ನೇ ಖಳರನ್ನಾಗಿ ಮಾಡಿತು. ಅವು ಭೂಮಿಯ ಮೇಲೆ ದಾಳಿ ಮಾಡುತ್ತಿವೆ, ಮಕ್ಕಳು ತಿಂದು ಮುಗಿಸಿದರೆ ಮಾತ್ರ ಜಗತ್ತು ಉಳಿಯುತ್ತದೆ. ಆರೋಗ್ಯದ ಸುದ್ದಿಯೇ ಇಲ್ಲ. ಅಮೆರಿಕದ ಒಂದು ಕಂಪನಿ 2010ರಲ್ಲಿ ಪುಟ್ಟ ಕ್ಯಾರೆಟ್‌ಗಳನ್ನು ಚಿಪ್ಸ್ ಥರದ ಪೊಟ್ಟಣಕ್ಕೆ ಹಾಕಿ, ಕುರುಕಲು ತಿಂಡಿಯ ಧಾಟಿಯಲ್ಲೇ ಜಾಹೀರಾತು ಮಾಡಿತು.

ಹದಿಹರೆಯದವರಿಗೆ ದಾರಿ ಬೇರೆ. "ನಿನ್ನ ಭವಿಷ್ಯಕ್ಕೆ ಒಳ್ಳೆಯದು" ಎಂದರೆ ಅವರು ಕೇಳುವುದಿಲ್ಲ. ಟೆಕ್ಸಾಸ್‌ನ ಶಾಲೆಯೊಂದರಲ್ಲಿ, ಆಹಾರ ಕಂಪನಿಗಳು ತಮ್ಮನ್ನು ಹೇಗೆ ಬಲೆಗೆ ಹಾಕುತ್ತವೆ ಎಂದು ಎಂಟನೇ ತರಗತಿಯವರಿಗೆ ತೋರಿಸಿದರು. ಜಾಹೀರಾತುಗಳ ಮೇಲೆ ಗೀಚಿ ನಿಜ ಬರೆಯಲು ಬಿಟ್ಟರು. ಮುಂದಿನ ತಿಂಗಳುಗಳಲ್ಲಿ ಹುಡುಗರು ಶಾಲೆಯ ಕ್ಯಾಂಟೀನಿನಲ್ಲಿ ಕೊಳ್ಳುತ್ತಿದ್ದ ಕುರುಕಲು ತಿಂಡಿ, ಸಿಹಿ ಪಾನೀಯಗಳು ಶೇ 31ರಷ್ಟು ಇಳಿದವು. ಮೋಸಹೋಗಬಾರದು ಎನ್ನುವ ಛಲ ಆ ವಯಸ್ಸಿನಲ್ಲಿ ಆರೋಗ್ಯಕ್ಕಿಂತ ದೊಡ್ಡದು.

ಒಳ್ಳೆಯ ಜಾಹೀರಾತು ಹಾಕುವುದಕ್ಕಿಂತ ಕೆಟ್ಟ ಜಾಹೀರಾತು ತೆಗೆಯುವುದು ಮೇಲೇ?

ಎರಡೂ ಬೇಕು. ಒಂದನ್ನೇ ಆರಿಸಿ ಎಂದರೆ ನಾನು ತೆಗೆಯುವುದನ್ನು ಆರಿಸುತ್ತೇನೆ. ಆರೋಗ್ಯ ಇಲಾಖೆಗಳ ಬಳಿ ಇರುವ ದುಡ್ಡು ತಿಂಡಿ, ಪಾನೀಯ ಕಂಪನಿಗಳ ಜಾಹೀರಾತು ದುಡ್ಡಿನ ಮುಂದೆ ಯಾವ ಲೆಕ್ಕಕ್ಕೂ ಇಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತ್ಯ 1980ರಲ್ಲೇ 13 ವರ್ಷದೊಳಗಿನ ಮಕ್ಕಳಿಗೆ ಗುರಿಯಿಟ್ಟ ವಾಣಿಜ್ಯ ಜಾಹೀರಾತು ನಿಲ್ಲಿಸಿತು. ಲಂಡನ್ನಿನ ಸಾರಿಗೆ ಸಂಸ್ಥೆ 2019ರ ಫೆಬ್ರವರಿಯಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳ ಜಾಹೀರಾತನ್ನು ತನ್ನ ರೈಲು, ಬಸ್ಸು, ನಿಲ್ದಾಣಗಳಿಂದ ತೆಗೆಯಿತು. ನಿಷೇಧ ಇಲ್ಲದಿದ್ದರೆ ಆಗಬಹುದಾಗಿದ್ದ ಖರೀದಿಗೆ ಹೋಲಿಸಿದರೆ, ಒಂದು ಮನೆ ವಾರಕ್ಕೆ ಕೊಳ್ಳುವ ಅಂಥ ತಿನಿಸುಗಳಲ್ಲಿ ಸುಮಾರು 1000 ಕ್ಯಾಲೊರಿ ಕಡಿಮೆಯಾಗಿತ್ತು ಎಂದು ಆಮೇಲಿನ ಅಧ್ಯಯನ ಅಂದಾಜು ಮಾಡಿತು. ಯಾರಿಗೂ ಉಪದೇಶ ಮಾಡಲಿಲ್ಲ, ಒಂದು ಸಾಲೂ ಬರೆಯಲಿಲ್ಲ. ಗೋಡೆ ಖಾಲಿ ಮಾಡಿದರು ಅಷ್ಟೇ.

ಅಂಥ ತಿನಿಸುಗಳ ವಿಷಯದಲ್ಲಿ ಚಿಲಿ ದೇಶ 2016ರಲ್ಲಿ ಮೂರು ಕೆಲಸಗಳನ್ನು ಒಟ್ಟಿಗೆ ಮಾಡಿತು. ಪೊಟ್ಟಣದ ಮುಂಭಾಗಕ್ಕೆ ಎಂಟು ಮೂಲೆಯ ಕಪ್ಪು ಎಚ್ಚರಿಕೆ ಚಿಹ್ನೆ, ಮಕ್ಕಳಿಗೆ ಜಾಹೀರಾತು ಬಂದ್, ಶಾಲೆಗಳಲ್ಲಿ ಮಾರಾಟ ಬಂದ್. ಮೊದಲ ಹಂತದಲ್ಲೇ ಸಕ್ಕರೆ ಹೆಚ್ಚಿರುವ ಪಾನೀಯಗಳ ಖರೀದಿ ಸುಮಾರು ಶೇ 24 ಇಳಿಯಿತು.

ಜಾಹೀರಾತಿನ ಜೊತೆ ಬೇರೆ ಏನು ಮಾಡಿದರೆ ಫಲ ಹೆಚ್ಚು?

ಬ್ರಿಟನ್ನಿನ ಉಪ್ಪಿನ ವಿಷಯ ನೋಡೋಣ. 2004ರಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ಸಿಡ್ ಎಂಬ ಗೊಂಡೆಹುಳುವನ್ನು, ಅಂದರೆ ಚಿಪ್ಪಿಲ್ಲದ ಬಸವನಹುಳುವನ್ನು, ಜಾಹೀರಾತಿಗೆ ತಂದಿತು. ಉಪ್ಪು ತನ್ನನ್ನು ಕೊಲ್ಲುತ್ತದೆ, ನಿಮಗೂ ಒಳ್ಳೆಯದಲ್ಲ ಎಂದು ಆ ಹುಳು ಹೇಳುತ್ತಿತ್ತು. ಜನ ಮಾತಾಡಿಕೊಂಡರು. ಆದರೆ ಅವರು ತಿನ್ನುವ ಉಪ್ಪಿನಲ್ಲಿ ಬಹುಪಾಲು ಬ್ರೆಡ್ಡಿನಂಥ ಸಿದ್ಧ ಆಹಾರದಲ್ಲಿ ಮೊದಲೇ ಸೇರಿಕೊಂಡಿತ್ತು. ತಟ್ಟೆಯ ಪಕ್ಕದ ಉಪ್ಪಿನ ಡಬ್ಬಿಯನ್ನು ಮುಟ್ಟದೆ ಬಿಟ್ಟರೂ ತಪ್ಪಿಸಲು ಆಗದು. ಹಾಗಾಗಿ ಸಂಸ್ಥೆ ತಯಾರಕರ ಜೊತೆ ಕೂತು, ಒಂದೊಂದು ಆಹಾರಕ್ಕೂ ಗುರಿ ಇಟ್ಟು, ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸುವಂತೆ ಮಾಡಿತು. ನಾಲಿಗೆಗೆ ಗೊತ್ತೇ ಆಗಲಿಲ್ಲ. 2001ರ ಹೊತ್ತಿಗೆ ದಿನಕ್ಕೆ 9.5 ಗ್ರಾಂ ಇದ್ದ ಸರಾಸರಿ 2011ಕ್ಕೆ 8.1 ಗ್ರಾಂಗೆ ಬಂತು. ಅಳೆದದ್ದು ಮೂತ್ರ ಪರೀಕ್ಷೆಯಿಂದ, ಆದ್ದರಿಂದ ನಂಬಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂ. ಇನ್ನೂ ದೂರ ಇದೆ, ನಿಜ.

ಇಲ್ಲಿ ಜಾಹೀರಾತು ವ್ಯರ್ಥ ಅಂತ ಅಲ್ಲ. ಉಪ್ಪಿನ ಬಗ್ಗೆ ಜನ ಕೇಳತೊಡಗಿದ್ದಕ್ಕೇ ತಯಾರಕರಿಗೂ ಅದನ್ನು ಇಳಿಸುವುದು ಸುಲಭವಾಯಿತು ಎಂದು ನಾನು ನಂಬುತ್ತೇನೆ. ಮೆಕ್ಸಿಕೊದಲ್ಲೂ ಹೀಗೆಯೇ. ಒಂದು ಬಾಟಲಿ ಸೋಡಾದಲ್ಲಿ 12 ಚಮಚ ಸಕ್ಕರೆ ಇದೆ, ಅಷ್ಟು ಸಕ್ಕರೆ ತಿನ್ನುತ್ತೀರಾ ಎಂದು ಕೇಳುವ ಫಲಕಗಳು ಮೊದಲು ಬಂದವು. ಆಮೇಲೆ 2014ರಲ್ಲಿ ಲೀಟರಿಗೆ ಒಂದು ಪೆಸೊ ತೆರಿಗೆ ಬಂತು. ತೆರಿಗೆ ಬಿದ್ದ ಪಾನೀಯಗಳ ಖರೀದಿ ಮೊದಲ ವರ್ಷ ಶೇ 5.5, ಎರಡನೇ ವರ್ಷ ಶೇ 9.7 ಇಳಿಯಿತು.

ಇನ್ನು ಫಿನ್ಲೆಂಡಿನ ಉತ್ತರ ಕರೇಲಿಯಾ. ಹೃದಯಾಘಾತಕ್ಕೆ ಗಂಡಸರು ಅತಿ ಹೆಚ್ಚು ಸಾಯುತ್ತಿದ್ದ ಜಾಗಗಳಲ್ಲಿ ಅದೂ ಒಂದು. ಅಲ್ಲಿನ ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ಮುಂದಾಳತ್ವದಲ್ಲಿ ಯೋಜನೆ ಶುರುವಾಯಿತು. ಪತ್ರಿಕೆ, ರೇಡಿಯೊ, ಟಿವಿ ಎಲ್ಲ ಬಳಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಗೃಹಿಣಿಯರ ಸಂಘಗಳು ಹೊಸ ಅಡುಗೆ ಮಾಡಿ ಬಡಿಸಿದವು. ಊರೂರಿನ ನಡುವೆ ಕೊಲೆಸ್ಟರಾಲ್ ಇಳಿಸುವ ಪಂದ್ಯ ನಡೆದವು. ಹೈನುಗಾರಿಕೆಯ ನಾಡಿನಲ್ಲಿ ಬೆಣ್ಣೆ ಕಡಿಮೆ ಮಾಡಿ ಎಂದರೆ ರೈತರ ಹೊಟ್ಟೆಗೆ ಹೊಡೆದಂತೆ. ಅದಕ್ಕೆ ಅವರಿಗೆ ಬೆರ್ರಿ ಹಣ್ಣು ಬೆಳೆಯುವ ದಾರಿ ತೋರಿಸಿದರು. ತಂಬಾಕು ಮತ್ತು ರಕ್ತದೊತ್ತಡದ ಕೆಲಸವೂ ಜೊತೆಗೇ ನಡೆಯಿತು. ಮೂರೂವರೆ ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯರೋಗದ ಸಾವು ಶೇ 80ಕ್ಕಿಂತ ಹೆಚ್ಚು ಇಳಿಯಿತು. ಈ ಅಂಕಿ ಓದಿದಾಗಲೆಲ್ಲ ನನಗೆ ಬದುಕುಳಿದ ಆ ಅಪ್ಪಂದಿರು, ಅವರ ಮನೆಗಳು ನೆನಪಾಗುತ್ತವೆ.

ಪ್ರಚಾರ ಎಷ್ಟು ದಿನ ನಡೆಯಬೇಕು?

ನಿಲ್ಲಿಸಿದರೆ ಫಲ ಕರಗುತ್ತದೆ. ಕ್ಲಾರ್ಕ್ಸ್‌ಬರ್ಗ್‌ನ 41, ಆರು ತಿಂಗಳಲ್ಲಿ 35 ಆದದ್ದು ನೆನಪಿದೆಯಲ್ಲ? ಒಂದು ವಾರದ ಆಚರಣೆ ಮಾಡಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ, ಅದೇ ದುಡ್ಡನ್ನು ವರ್ಷದಲ್ಲಿ ಮೂರ್ನಾಲ್ಕು ಸಲ ಹಂಚಿ, ಅದೇ ಒಂದು ಮಾತನ್ನು ಮತ್ತೆ ಮತ್ತೆ ಹೇಳುವುದು ಮೇಲು.

ಬಡವರಿಗೂ ಇದು ತಲುಪುತ್ತದೆಯೇ?

ಕಿವಿಗೆ ತಲುಪುತ್ತದೆ. ಕೊಳ್ಳುವ ಶಕ್ತಿ, ಅಡುಗೆಗೆ ಬಿಡುವು, ಹತ್ತಿರದಲ್ಲಿ ತಾಜಾ ತರಕಾರಿ ಇದ್ದವರು ಬೇಗ ಬದಲಾಗುತ್ತಾರೆ. ಇಲ್ಲದವರು ಹಿಂದೆ ಉಳಿಯುತ್ತಾರೆ. ಹಾಗಾಗಿ ಬರೀ ಜಾಹೀರಾತಿನ ಪ್ರಚಾರ ಅಂತರವನ್ನು ಇನ್ನೂ ಹೆಚ್ಚಿಸಬಹುದು. ಬೆಲೆ ಇಳಿಸುವುದು, ಶಾಲೆಯಲ್ಲಿ ಒಳ್ಳೆಯ ಊಟ ಕೊಡುವುದು, ತಯಾರಿಸುವಾಗಲೇ ಉಪ್ಪು ಸಕ್ಕರೆ ಇಳಿಸುವುದು ಎಲ್ಲರಿಗೂ ಒಂದೇ ಸಮ ಸಿಗುತ್ತವೆ.

ಪ್ರಚಾರದಿಂದ ಹಾನಿಯೂ ಆಗಬಹುದೇ?

ಆಗಬಹುದು. "ಕೊಬ್ಬು ಕಡಿಮೆ" ಎಂದು ಬರೆದಿದ್ದರೆ ಜನ ಅದನ್ನು ಜಾಸ್ತಿ ತಿನ್ನುತ್ತಾರೆ, ಅದರಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವುದಿಲ್ಲ. ಒಂದೇ ಪೋಷಕಾಂಶವನ್ನು ಬೈಯುವ ಪ್ರಚಾರದಲ್ಲಿ ಈ ಅಪಾಯ ಇದ್ದೇ ಇರುತ್ತದೆ. ಅದರ ಬದಲು ಏನು ತಿನ್ನಬೇಕು ಎಂದು ಹೇಳಿದರೆ ಸ್ವಲ್ಪ ತಪ್ಪಿಸಬಹುದು.

ಪ್ರಚಾರ ಗೆದ್ದಿತು ಎಂದು ಹೇಗೆ ತಿಳಿಯುವುದು?

ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಂತು ಎಂದು ಮಾತ್ರ ಹೇಳುವ ವರದಿಯನ್ನು ನಾನು ಅಲ್ಲಿಗೇ ಮಡಚಿಡುತ್ತೇನೆ. ನೋಡಿದ್ದು ಬೇರೆ, ತಿಂದದ್ದು ಬೇರೆ. ಜನರನ್ನೇ ಕೇಳಿದರೂ ಪೂರ್ತಿ ನಂಬುವಂತಿಲ್ಲ. "ತರಕಾರಿ ತಿನ್ನಿ" ಎಂದು ಒಂದು ತಿಂಗಳು ಕೇಳಿಸಿಕೊಂಡವರು, ಕೇಳಿದಾಗ ತಿಂದೆ ಅಂತಲೇ ಹೇಳುತ್ತಾರೆ. ಸುಳ್ಳು ಹೇಳುವ ಉದ್ದೇಶ ಇಲ್ಲ, ಒಳ್ಳೆಯವರಾಗಿ ಕಾಣುವ ಆಸೆ ಅಷ್ಟೇ. ಅಂಗಡಿಯ ಮಾರಾಟ, ಕ್ಯಾಂಟೀನಿನ ಲೆಕ್ಕ, ಉಪ್ಪಿಗೆ 24 ಗಂಟೆಯ ಮೂತ್ರ ಪರೀಕ್ಷೆ, ಇಂಥವು ಬೇಕು.

ಹೋಲಿಕೆಗೆ ಪ್ರಚಾರ ಇಲ್ಲದ ಊರೂ ಬೇಕು. ಅಮೆರಿಕದ ಮಿನ್ನೆಸೋಟ ರಾಜ್ಯ ಮತ್ತು ಅದರ ಸುತ್ತಮುತ್ತ 1980ರ ದಶಕದಲ್ಲಿ ಹೃದಯದ ಆರೋಗ್ಯಕ್ಕಾಗಿ ಮೂರು ಊರುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಮೂರು ಊರುಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಕೊನೆಗೆ ನೋಡಿದರೆ ಏನೂ ಮಾಡದ ಊರುಗಳಲ್ಲೂ ಜನ ಸುಧಾರಿಸಿದ್ದರು, ದೇಶವೇ ಆ ಕಡೆ ಹೊರಟಿತ್ತು. ಹೋಲಿಕೆ ಇಲ್ಲದಿದ್ದರೆ ಎಲ್ಲ ಯಶಸ್ಸನ್ನೂ ಪ್ರಚಾರದ ಖಾತೆಗೆ ಬರೆದುಕೊಳ್ಳುತ್ತಿದ್ದರು.

ನಮ್ಮದು ಚಿಕ್ಕ ತಂಡ, ದುಡ್ಡೂ ಕಡಿಮೆ. ಎಲ್ಲಿಂದ ಶುರು ಮಾಡೋಣ?

ಒಂದು ಆಹಾರ, ಒಂದು ಜಾಗ ಆರಿಸಿಕೊಳ್ಳಿ. ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಸಿಹಿ ಪಾನೀಯದ ಬದಲು ನೀರು ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಬರುವ ಹತ್ತಾರು ಜನರ ಜೊತೆ ಮಾತಾಡಿ, ಯಾಕೆ ಅದನ್ನೇ ಕೊಳ್ಳುತ್ತಾರೆ ಎಂದು ಕೇಳಿಸಿಕೊಳ್ಳಿ. ನೀರು ತಣ್ಣಗಿಲ್ಲ, ಲೋಟ ಶುಚಿಯಾಗಿಲ್ಲ ಎನ್ನುವ ಉತ್ತರ ಬಂದರೆ ಪೋಸ್ಟರ್ ಬೇಡ, ಲೋಟ ತೊಳೆಸಿ. ಎಲ್ಲ ಸರಿಯಿದ್ದೂ ರೂಢಿಯೇ ಕಾರಣವಾಗಿದ್ದರೆ, ಕೊಳ್ಳುವ ಕಿಟಕಿಯ ಪಕ್ಕದಲ್ಲೇ ಕಾಣುವಂತೆ ಒಂದೇ ಒಂದು ಸಾಲು ಬರೆಸಿ. ಮತ್ತು ಆ ಸಾಲು ಅಂಟಿಸುವ ಮೊದಲೇ, ಹಿಂದಿನ ಎರಡು ತಿಂಗಳು ಎಷ್ಟು ಬಾಟಲಿ ಹೋಗಿವೆ ಎಂದು ಕ್ಯಾಂಟೀನಿನವರ ಪುಸ್ತಕ ನೋಡಿ ಬರೆದಿಟ್ಟುಕೊಳ್ಳಿ.